ಒಸರುವಷ್ಟೇ ಒಸರಲಿ

ರಿಮೋಟ್ ಕಾರಿನ ಎಣ್ಣೆ ಶಾಕ್ ಒಂದನ್ನು ಕಾರಿನಿಂದ ಬಿಚ್ಚಿ, ಸ್ಪ್ರಿಂಗ್ ತೆಗೆದಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅದುಮಿ ನೋಡಬೇಕು. ಮೆಲ್ಲಗೆ ಅದುಮಿದರೆ ಶಾಫ್ಟು ಸದ್ದಿಲ್ಲದೆ ಒಳಗೆ ಸರಿಯುತ್ತದೆ. ಜೋರು ಮಾಡಿದರೆ ಎದುರು ನಿಲ್ಲುತ್ತದೆ. ಅವಸರದವರಿಗೆ ಬಿಗಿ, ನಿಧಾನಿಗಳಿಗೆ ಸಡಿಲ. ಬೆರಳು ತೆಗೆದಾಗ ಹೊರಕ್ಕೆ ಬರುವುದರಲ್ಲೂ ಅದಕ್ಕೆ ಆತುರವಿಲ್ಲ. ಬರುವಷ್ಟು ಬಂದು, ಸಾಕೆನಿಸಿದಲ್ಲಿ ನಿಲ್ಲುತ್ತದೆ. ಬೆರಳಿಗೆ ಸಿಗುವ ಯಂತ್ರಸುಖಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಹೆಚ್ಚು ಗೊತ್ತಿಲ್ಲ. ಹಳೆಯ ಕ್ಯಾಮೆರಾ ಲೆನ್ಸಿನ ಫೋಕಸ್ ಉಂಗುರ ತಿರುಗಿಸುವಾಗಿನ ಸುಖ ಹತ್ತಿರ ಬರುತ್ತದೆ. ಅಲ್ಲಿ ಗ್ರೀಸು, ಇಲ್ಲಿ ಎಣ್ಣೆ, ಅಷ್ಟೇ ವ್ಯತ್ಯಾಸ.

ಆ ಸುಖ ಕೆಟ್ಟದ್ದೂ ಬೆರಳಿಗೇ ಮೊದಲು ತಿಳಿಯುತ್ತದೆ. ಅದುಮಿದ ಶಾಫ್ಟು ಮೊದಲರ್ಧ ಏನೂ ಇಲ್ಲದ ಹಾಗೆ ಸರ್ರನೆ ಓಡಿ, ಆಮೇಲೆ ತಟ್ಟನೆ ಎಣ್ಣೆಗೆ ಸಿಕ್ಕಿಕೊಂಡರೆ ಒಳಗೆ ಗಾಳಿ ಸೇರಿದೆ. ಜೊತೆಗೆ ‘ಪಿಚ್ ಪಿಚ್’ ಎಂದು ಸದ್ದು. ಗಾಳಿ ಒಳಗೆ ಬಂದಿದೆ ಎಂದರೆ ಎಣ್ಣೆ ಹೊರಗೆ ಹೋಗಿದೆ. ಎಲ್ಲಿಗೆ ಹೋಯಿತೆಂದು ಹುಡುಕಬೇಕಾದ್ದಿಲ್ಲ: ಸ್ಪ್ರಿಂಗಿನ ಕೆಳಗಿನ ಬಟ್ಟಲ ಸುತ್ತ ಕೆಂಪು ಧೂಳು ಕೆಸರಾಗಿ ಅಂಟಿರುತ್ತದೆ, ಸಸ್ಪೆನ್ಷನ್ನಿನ ಕೆಳತೋಳು ಎಣ್ಣೆಯಲ್ಲಿ ಮಿನುಗುತ್ತಿರುತ್ತದೆ. ಬೈಕ್ ಮೆಕ್ಯಾನಿಕ್ಕುಗಳು ಮುಂದಿನ ಫೋರ್ಕನ್ನು ಒಂದು ಸಲ ನೋಡಿ “ಸೀಲ್ ಹೋಗಿದೆ ಸರ್, ಆಯಿಲ್ ಬಿಡ್ತಾ ಇದೆ” ಅನ್ನುತ್ತಾರಲ್ಲ, ಅದೇ ರೋಗ, ಅದೇ ಲಕ್ಷಣ. ರೋಗಿ ಮಾತ್ರ ಕಿರುಬೆರಳಿನಷ್ಟು.

ನಾನು ಕಾರು ಓಡಿಸುವುದು ಬೆಂಗಳೂರಿನ ಹೊರಗೆ ಕೆರೆ ಏರಿಯ ಪಕ್ಕದ ಬಯಲಲ್ಲಿ. ನಮ್ಮ ಕೆಮ್ಮಣ್ಣಿನ ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಅದರ ಜೊತೆ ಸ್ಫಟಿಕದ ಸಣ್ಣ ಹರಳುಗಳಿವೆ. ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಕ್ಕಸಾಲಿಗರು ಒಡವೆಗೆ ಹೊಳಪು ಕೊಡಲು ಬಳಸುತ್ತಾರೆ. ಅದರಿಂದ ದೊಡ್ಡ ತೊಂದರೆ ಇಲ್ಲ. ಸ್ಫಟಿಕದ ಹರಳು ಹಾಗಲ್ಲ, ಉಕ್ಕನ್ನೇ ಗೀರುತ್ತದೆ. ಎಣ್ಣೆಯ ಪಸೆಯಿರುವ ಶಾಫ್ಟಿಗೆ ಅದು ಅಂಟಿಕೊಂಡು ರಬ್ಬರ್ ಉಂಗುರದ ಕೆಳಗೆ ಹೋಗಿ ಬಂದು ಹೋಗಿ ಬಂದು, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸೀಲನ್ನು ಸವೆಸಿ ಹಾಕುತ್ತದೆ.

ಎದುರು ಮನೆಯ ಹುಡುಗ ಒಂದು ಸಂಜೆ ಕೇಳಿದ: “ಅಂಕಲ್, ಎಣ್ಣೆ ಹೋದ್ರೂ ಓಡುತ್ತಲ್ಲ, ಯಾಕೆ ಬಿಚ್ತಾ ಇದೀರ?”

ಓಡುವುದೇನೋ ಓಡುತ್ತದೆ. ಮೋಟರಿಗೂ ಶಾಕಿಗೂ ಸಂಬಂಧವಿಲ್ಲ. ಆದರೆ ಕಾರು ದಿಬ್ಬ ಹತ್ತಿ ಹಾರಿ ಬಿದ್ದಾಗ ಸ್ಪ್ರಿಂಗು ಕುಗ್ಗುತ್ತದೆ, ಕುಗ್ಗಿದ್ದು ನೆಗೆಯಲೇಬೇಕು, ನೆಗೆದದ್ದು ಮತ್ತೆ ಬೀಳಲೇಬೇಕು. ಪಡೆದ ಪೆಟ್ಟನ್ನು ಇಟ್ಟುಕೊಂಡು ಹಾಗೇ ಹಿಂದಿರುಗಿಸುವುದಷ್ಟೇ ಸ್ಪ್ರಿಂಗಿಗೆ ಗೊತ್ತಿರುವ ಕೆಲಸ. ಆ ಪೆಟ್ಟನ್ನು ಕರಗಿಸುವುದು ಎಣ್ಣೆ. ಪಿಸ್ಟನ್ನಿನ ಒಂದೋ ಎರಡೋ ಮೂರೋ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳಿ ಹೋಗುವಾಗ ಪೆಟ್ಟಿನ ಶಕ್ತಿ ಶಾಖವಾಗುತ್ತದೆ, ಕೈಗೆ ತಿಳಿಯದಷ್ಟು ಬೆಚ್ಚಗೆ. ಎಣ್ಣೆ ಇಲ್ಲದ ಕಾರಿನ ಚಕ್ರ ನೆಲದ ಮೇಲೆ ಇರುವುದಕ್ಕಿಂತ ನೆಲ ಬಿಟ್ಟು ಇರುವುದೇ ಹೆಚ್ಚು. ನೆಲ ಬಿಟ್ಟ ಚಕ್ರ ತಿರುಗಿಸಿದ ಕಡೆ ತಿರುಗುವುದಿಲ್ಲ, ಬ್ರೇಕಿಗೂ ನಿಲ್ಲುವುದಿಲ್ಲ. ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಸೋರಿದ ಶಾಕನ್ನು ಒಂದು ಕೈಗೆ, ಸರಿಯಿದ್ದದ್ದನ್ನು ಇನ್ನೊಂದು ಕೈಗೆ ಕೊಟ್ಟೆ. ಎರಡನ್ನೂ ಅದುಮಿ ನೋಡಿ “ಓ” ಅಂದ.

ಈ ಆಟದ ಇತಿಹಾಸದಲ್ಲಿ ಎಣ್ಣೆ ಮೊದಲಿನಿಂದ ಇದ್ದದ್ದಲ್ಲ. ಜಪಾನಿನ ಶಿಝುವೊಕಾ ನಗರದ ತಮಿಯಾ ಸಂಸ್ಥೆ ಶುರುವಾದದ್ದು 1946ರಲ್ಲಿ, ಮರದ ವ್ಯಾಪಾರವಾಗಿ. ಮರದಿಂದ ಪ್ಲಾಸ್ಟಿಕ್ ಮಾದರಿಗಳಿಗೆ ಬಂದು, 1976ರಲ್ಲಿ ಅದು ತನ್ನ ಮೊದಲ ರಿಮೋಟ್ ಕಾರು ಪೋರ್ಷೆ 934 ಅನ್ನು ಹೊರತಂದಿತು. ಆ ಮಾದರಿ ಸರಿಯಾಗಿ ಬರಬೇಕೆಂದು ಸಂಸ್ಥೆಯ ಶುನ್ಸಾಕು ತಮಿಯಾ ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ತಂದು ಬಿಚ್ಚಿ ಹರವಿಸಿ ನೋಡಿದರಂತೆ. ಇಂಥ ಹುಚ್ಚಿನವರ ಕೈಯಿಂದಲೇ ಇಂಥ ವಸ್ತುಗಳು ಬರುವುದು. ಆ ಕಾರು ನುಣುಪು ನೆಲದ್ದು, ಅದಕ್ಕೆ ಎಣ್ಣೆಯ ಹಂಗು ಬೇಕಿರಲಿಲ್ಲ. ಮಣ್ಣಿಗಿಳಿದ ಮೇಲೆ ಬೇಕಾಯಿತು. 1984ರಲ್ಲಿ ಬಂದ ಹಾರ್ನೆಟ್ ಎಂಬ ಬಗ್ಗಿಯ ಹಿಂಭಾಗದಲ್ಲಿ ಎಣ್ಣೆ ಶಾಕುಗಳಿದ್ದವು, ಮುಂದೆ ಬರೀ ಸ್ಪ್ರಿಂಗು. ಅರ್ಧ ಸಂಸ್ಕಾರ. 1985ರ ಹಾಟ್‌ಶಾಟ್‌ಗೆ ಮುಂದೊಂದು ಹಿಂದೊಂದು, ಒಟ್ಟು ಎರಡೇ ಶಾಕು. ನಾಲ್ಕು ಚಕ್ರಗಳ ಭಾರವನ್ನು ಆ ಎರಡೇ ಹೊರುತ್ತಿದ್ದವು. ಜಾಣತನವೇ, ಆದರೆ ಒಂದು ಸೋರಿತೆಂದರೆ ಅರ್ಧ ಕಾರು ಹೋಯಿತು.

ಎಣ್ಣೆಯನ್ನು ಪೂರ್ತಿ ನಂಬಿ ಕಟ್ಟಿದ ಕಾರು ಬಂದದ್ದು ಕಡಲಾಚೆಯ ಕ್ಯಾಲಿಫೋರ್ನಿಯಾದಿಂದ. 1984ರಲ್ಲೇ ಟೀಮ್ ಅಸೋಸಿಯೇಟೆಡ್ ಸಂಸ್ಥೆಗಾಗಿ ರೋಜರ್ ಕರ್ಟಿಸ್ ರೂಪಿಸಿದ ಆರ್‌ಸಿ10: ಹೊನ್ನಿನ ಬಣ್ಣದ ಅಲ್ಯೂಮಿನಿಯಂ ಚಾಸಿ, ಲೇತಿನಲ್ಲಿ ಕಡೆದ ಅಲ್ಯೂಮಿನಿಯಂ ಶಾಕುಗಳು, ನಾಲ್ಕು ಚಕ್ರಕ್ಕೂ ಒಂದೊಂದು. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಹತ್ತನೇ ಒಂದು ಅಳತೆಯ ಮಣ್ಣಿನ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ, ಎರಡು ಚಕ್ರ ಚಾಲನೆಯ ವಿಭಾಗವನ್ನು ಜೇ ಹಾಲ್ಸಿ ಗೆದ್ದದ್ದು ಇದೇ ಕಾರಿನಲ್ಲಿ. ಹಳೆಯ ಆರ್‌ಸಿ10 ಶಾಕು ಬಿಚ್ಚಿದವರಿಗೆ ಅದರೊಳಗಿನ ಸ್ನ್ಯಾಪ್ ರಿಂಗಿನ ಪಾಡು ಗೊತ್ತು: ಉಂಗುರ, ವಾಷರು, ಮತ್ತೆ ಉಂಗುರ, ಎಲ್ಲದರ ಮೇಲೆ ಒಂದು ತಂತಿಯ ಬಳೆ, ಅದನ್ನು ಕೊಳವೆಯ ಒಳಗಿನ ತೋಡಿಗೆ ಕೂರಿಸಲು ಬೇರೆಯೇ ಉಪಕರಣ. ಕೂತಾಗ ‘ಟಕ್’ ಎಂದು ಒಂದು ಸದ್ದು ಬರುತ್ತದೆ. ಆ ಸದ್ದು ಬರುವ ತನಕ ಸಮಾಧಾನವಿಲ್ಲ.

ಇಷ್ಟೆಲ್ಲ ಭಾಗಗಳ ನಡುವೆ ನನಗೆ ಅಚ್ಚುಮೆಚ್ಚು ಆ ರಬ್ಬರ್ ಉಂಗುರವೇ, ಓ-ರಿಂಗ್. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಶಾಫ್ಟು ಅದರ ನಡುವೆ ಹಾದುಹೋಗುತ್ತದೆ. ಮೇಲೆ ಎಣ್ಣೆ, ಕೆಳಗೆ ಲೋಕ. ನಡುವೆ ಇರುವುದು ಇದೊಂದೇ ಗಡಿ. ಕೆಲಸ ಸುಲಭದ್ದಲ್ಲ. ಅದು ಎಣ್ಣೆಯನ್ನು ಪೂರ್ತಿ ತಡೆದರೆ ಶಾಫ್ಟು ಒಣಗುತ್ತದೆ. ಒಣ ಶಾಫ್ಟನ್ನು ರಬ್ಬರು ಕಚ್ಚಿ ಹಿಡಿಯುತ್ತದೆ. ಆಗ ಸಣ್ಣ ಸಣ್ಣ ಕಲ್ಲುಗಳಿಗೆ ಶಾಕು ಅಲುಗುವುದೇ ಇಲ್ಲ, ದೊಡ್ಡ ಪೆಟ್ಟಿಗೆ ಒಮ್ಮೆಲೇ ಕಿತ್ತುಕೊಂಡು ಹೋಗುತ್ತದೆ. ಪೂರ್ತಿ ಬಿಟ್ಟರೆ ಸೋರಿಕೆ. ಎರಡರ ನಡುವೆ, ಕೂದಲಿನ ದಪ್ಪದ ನೂರನೇ ಪಾಲಿನಷ್ಟು ಅಥವಾ ಅದಕ್ಕೂ ತೆಳ್ಳಗಿನ ಒಂದು ಎಣ್ಣೆಯ ಪೊರೆಯನ್ನು ಮಾತ್ರ ಶಾಫ್ಟಿನ ಮೈಮೇಲೆ ಹೊರಗೆ ಬಿಡಬೇಕು, ಶಾಫ್ಟು ಮರಳುವಾಗ ಅದನ್ನು ಒಳಗೆ ಕರೆದುಕೊಳ್ಳಬೇಕು. ಒಳ್ಳೆಯ ಶಾಕಿನ ಶಾಫ್ಟನ್ನು ಟಿಶ್ಯೂ ಕಾಗದದಿಂದ ಒರೆಸಿದರೆ ಒಂದು ತೆಳು ಗೆರೆ ಮೂಡುತ್ತದೆ. ಅದು ದೋಷವಲ್ಲ, ಆರೋಗ್ಯ. ಹೊಸಬರು ಆ ಗೆರೆ ಕಂಡು ಗಾಬರಿಯಾಗಿ ಇನ್ನೂ ಬಿಗಿಯಾದ ಉಂಗುರ ಹಾಕುತ್ತಾರೆ. ಆಮೇಲೆ ಶಾಕು ಸೋರುವುದಿಲ್ಲ, ಸರಿ. ಶಾಕು ಆಗಿಯೂ ಉಳಿಯುವುದಿಲ್ಲ.

ಈ ಉಂಗುರದ ಹಿಂದೆ ಒಬ್ಬ ಮುದುಕನ ಹಟವಿದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಟ್ರಾಮ್ ಗಾಡಿಗಳ ಗಾಳಿ ಬ್ರೇಕಿನಲ್ಲಿ ಹೆಸರು ಮಾಡಿದವರು. 1930ರ ದಶಕದಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಓಡಾಡುವ ಪಿಸ್ಟನ್ನಿಗೆ ಸೋರದ ಸೀಲು ಹೇಗೆ ಮಾಡುವುದೆಂದು ತಲೆಕೆಡಿಸಿಕೊಂಡರು. ಅವರಿಗೆ ಹೊಳೆದ ಗುಟ್ಟು ಉಂಗುರದಲ್ಲಿರಲಿಲ್ಲ, ಉಂಗುರ ಕೂರುವ ತೋಡಿನಲ್ಲಿತ್ತು. ಉಂಗುರದ ದಪ್ಪಕ್ಕಿಂತ ಒಂದೂವರೆ ಪಟ್ಟು ಅಗಲದ ತೋಡು ಕೊಡಿ. ರಬ್ಬರಿಗೆ ಅದರೊಳಗೆ ಸ್ವಲ್ಪ ಹೊರಳಾಡಲು ಜಾಗವಿರಲಿ. ಹೊರಳಿದಷ್ಟೂ ಅದು ಬಾಳುತ್ತದೆ. 1939ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳಲ್ಲಿ ಈ ಉಂಗುರ ಕೂತಿತು. ಇಂದು ನಲ್ಲಿಯಲ್ಲಿ, ಪ್ರೆಷರ್ ಪಂಪಿನಲ್ಲಿ, ವಾಚಿನ ಬೆನ್ನಿನಲ್ಲಿ ಎಲ್ಲೆಲ್ಲೂ ಇರುವುದು ಅದೇ. ಇಷ್ಟು ಸರಳವಾದದ್ದನ್ನು ಕಂಡುಹಿಡಿಯಲು ಅಷ್ಟು ವಯಸ್ಸಾಗಬೇಕೇನೋ.

ಬೆಂಗಳೂರಿನಲ್ಲಿ ಓ-ರಿಂಗ್ ಬೇಕೆಂದರೆ ಜೆ.ಸಿ. ರಸ್ತೆಗೆ ಹೋಗಬೇಕು. ಮೋಟಾರು ಬಿಡಿಭಾಗಗಳ ಆ ಬೀದಿಯಲ್ಲಿ ರಬ್ಬರ್ ಸೀಲು, ಬೇರಿಂಗುಗಳನ್ನಷ್ಟೇ ಇಟ್ಟುಕೊಂಡ ಕಿರಿದಾದ ಅಂಗಡಿಗಳಿವೆ. ಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಡಬ್ಬಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದ ಅಳತೆ.

“ಯಾವ ಗಾಡಿಗೆ ಸರ್?”

“ಗಾಡಿಗಲ್ಲ, ಆಟದ ಕಾರಿಗೆ. ಮೂರು ಎಂಎಂ ಶಾಫ್ಟು.”

ನಗಬಹುದೆಂದುಕೊಂಡಿದ್ದೆ. ಅಂಗಡಿಯವರು ನಗಲಿಲ್ಲ. ನನ್ನ ಹಳೆಯ ಉಂಗುರವನ್ನು ತೆಗೆದುಕೊಂಡು ಉಗುರಿನ ತುದಿಗೆ ಸಿಕ್ಕಿಸಿ ಬೆಳಕಿಗೆ ಹಿಡಿದರು. “ಒಳಗಡೆ ಚಪ್ಪಟೆ ಆಗಿದೆ ನೋಡಿ. ಯಾವ ಎಣ್ಣೆ ಹಾಕ್ತೀರ?” ಸಿಲಿಕೋನ್ ಅಂದೆ. “ಹಾಗಾದ್ರೆ ಸಿಲಿಕೋನ್ ರಬ್ಬರ್ ಬೇಡ ಸರ್, ಊದ್ಕೊಳುತ್ತೆ. ನೈಟ್ರೈಲ್ ತಗೊಳಿ.” ಮಾತು ನಿಜ. ಸಿಲಿಕೋನ್ ಎಣ್ಣೆಯನ್ನು ಸಿಲಿಕೋನ್ ರಬ್ಬರು ಹೀರಿಕೊಂಡು ಉಬ್ಬುತ್ತದೆ; ಒಂದೇ ಕುಲದವು, ಒಂದರೊಳಗೊಂದು ಸೇರಿಹೋಗುತ್ತವೆ. ಕೆಲವು ಕಾರುಗಳ ಶಾಕಿನಲ್ಲಿ ಬೇಕೆಂದೇ ಮೆತ್ತನೆಯ ಸಿಲಿಕೋನ್ ಉಂಗುರ ಕೊಡುತ್ತಾರೆ, ಜಾರಿಕೆ ಚೆನ್ನಾಗಿರುತ್ತದೆಂದು. ಅದರ ಜಾರಿಕೆ ಚೆಂದವೇ, ಆದರೆ ಕಪ್ಪು ನೈಟ್ರೈಲ್ ಉಂಗುರ ಹೆಚ್ಚು ಕಾಲ ಒಂದೇ ಅಳತೆಯಲ್ಲಿ ಇರುತ್ತದೆ. ಧೂಳಿನಲ್ಲಿ ಓಡಿಸುವ ನನಗೆ ಎರಡನೆಯದೇ ಸರಿ. ಅವರು ಒಂದು ಹಿಡಿ ಉಂಗುರವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಬೆಲೆ ಕೇಳಿ ಮುಜುಗರವಾಗುವಷ್ಟು ಕಡಿಮೆ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಕ್ಯಾಪ್ ತಿರುಗಿಸಿ ಹಳೆಯ ಎಣ್ಣೆ ಬಗ್ಗಿಸಬೇಕು. ಹೊಸದಾಗಿದ್ದಾಗ ತಿಳಿಯಾಗಿದ್ದದ್ದು ಈಗ ಬೂದಿ ಬಣ್ಣಕ್ಕೆ ತಿರುಗಿರುತ್ತದೆ: ಸವೆದ ಲೋಹ, ಸವೆದ ಪ್ಲಾಸ್ಟಿಕ್ಕು, ಒಳಗೆ ನುಗ್ಗಿದ ಮಣ್ಣು. ಪಿಸ್ಟನ್ ಹಿಡಿದಿರುವ ಇ-ಕ್ಲಿಪ್ ತೆಗೆಯುವಾಗ ಕೈಗಳೆರಡನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಚಿಮ್ಮಿದ ಇ-ಕ್ಲಿಪ್ ಮನೆಯಲ್ಲಿ ಮತ್ತೆ ಸಿಕ್ಕ ಉದಾಹರಣೆ ಕಡಿಮೆ. ಲೋಹದ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಬಹುದು. ರಬ್ಬರನ್ನು ಪೆಟ್ರೋಲಿಗೋ ಥಿನ್ನರಿಗೋ ಅದ್ದಲೇಬಾರದು.

ಶಾಫ್ಟಿನ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಒರೆಸಿದ ಶಾಫ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಉರುಳಿಸಿದರೆ ಬೆಳಕಿನ ಒಂದು ಗೆರೆ ಅದರ ಉದ್ದಕ್ಕೂ ನಿಂತಿರುತ್ತದೆ. ಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಗೀರಿದೆ. ಕಣ್ಣು ತಪ್ಪಿಸಿಕೊಂಡದ್ದನ್ನು ಉಗುರು ಹಿಡಿಯುತ್ತದೆ: ಉಗುರಿನ ತುದಿಯನ್ನು ಮೇಲಿಂದ ಕೆಳಗೆ ಸವರುತ್ತ ಬಂದರೆ, ಎಳೆಯಷ್ಟು ಗೀರಿದ್ದರೂ ತೊಡರುತ್ತದೆ. ಉಗುರಿಗೆ ತೊಡರಿದ್ದು ರಬ್ಬರನ್ನು ಕೊಯ್ಯದೆ ಬಿಡುವುದಿಲ್ಲ. ಅಂಥ ಶಾಫ್ಟಿಗೆ ಎಷ್ಟು ಹೊಸ ಉಂಗುರ ಹಾಕಿದರೂ ವ್ಯರ್ಥ. ಗೀರು ಬೀಳುವುದಕ್ಕೆ ಎಷ್ಟೋ ಸಲ ಮಣ್ಣೂ ಕಾರಣವಲ್ಲ. ಕೆಳಗಿನ ಬಾಲ್ ಎಂಡ್ ತಿರುಪುವಾಗ ಶಾಫ್ಟನ್ನು ಇಕ್ಕಳದ ಹಲ್ಲಿನಲ್ಲಿ ಕಚ್ಚಿಸಿ ಹಿಡಿದಿರುತ್ತಾರೆ, ಕಾರಣ ಅದು. ನಾಲ್ಕು ಮಡಿಕೆ ಬಟ್ಟೆ ಸುತ್ತಿ ಹಿಡಿಯಲು ತಾಳ್ಮೆಯಿಲ್ಲದವರು ಶಾಕಿನ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ. ಶಾಫ್ಟಿನ ತುದಿಯ ತಿರುಪಿನ ಏಣುಗಳೂ ಹೊಸ ಉಂಗುರವನ್ನು ಕೊಯ್ಯುತ್ತವೆ. ಉಂಗುರಕ್ಕೂ ಏಣುಗಳಿಗೂ ಎಣ್ಣೆ ಸವರಿ, ತಿರುಗಿಸುತ್ತ ತಿರುಗಿಸುತ್ತ ದಾಟಿಸಬೇಕು, ನೇರವಾಗಿ ತಳ್ಳಬಾರದು.

ಈಗ ಎಣ್ಣೆ. ಈ ಕೆಲಸದ ರಸವೆಲ್ಲ ಇಲ್ಲಿದೆ.

ಶಾಕಿಗೆ ಹಾಕುವುದು ಸಿಲಿಕೋನ್ ಎಣ್ಣೆ. ನೀರಿನಷ್ಟು ತೆಳುವಾದದ್ದರಿಂದ ಹಿಡಿದು ಅಂಟಿನಷ್ಟು ದಪ್ಪದವರೆಗೂ ಸಿಗುತ್ತದೆ. ದಪ್ಪವನ್ನು ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ನೀರು ಸುಮಾರು 1. ಮಣ್ಣಿನ ಬಗ್ಗಿಗಳಿಗೆ 200ರಿಂದ 600ರ ನಡುವಿನದು ಹೊಂದುತ್ತದೆ. ಅಮೆರಿಕದ ಬಾಟಲಿಗಳ ಮೇಲೆ ‘ವೆಯ್ಟ್’ ಎಂದು ಬರೆದಿರುತ್ತದೆ, 30 ವೆಯ್ಟ್ ಎಂದರೆ ಹೆಚ್ಚುಕಡಿಮೆ 350. ಆದರೆ ಒಬ್ಬರ 30 ಇನ್ನೊಬ್ಬರ 30ಕ್ಕೆ ಸಮವಲ್ಲ, ಹಾಗಾಗಿ ನಾನು ಸೆಂಟಿಸ್ಟೋಕ್ಸ್ ಬರೆದ ಬಾಟಲಿಯನ್ನಷ್ಟೇ ನಂಬುತ್ತೇನೆ. 400ರ ಎಣ್ಣೆ ಹೇಗಿರುತ್ತದೆಂದರೆ, ಕೊಬ್ಬರಿ ಎಣ್ಣೆಗಿಂತ ಬಲು ದಪ್ಪ, ಹರಳೆಣ್ಣೆಗಿಂತ ತುಸು ತೆಳು. ಆದರೆ ಡಿಸೆಂಬರಿನ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಹರಳೆಣ್ಣೆ ಏಪ್ರಿಲ್ಲಿನ ಬಿಸಿಲಿಗೆ ನೀರಾಗುತ್ತದೆ. ಸಿಲಿಕೋನ್ ಅಷ್ಟು ಬೇಗ ಬುದ್ಧಿ ಬದಲಾಯಿಸುವುದಿಲ್ಲ. ಬಿಸಿಗೂ ಚಳಿಗೂ ಅದರ ದಪ್ಪ ಬದಲಾಗುವುದು ಬೇರೆ ಎಣ್ಣೆಗಳಿಗೆ ಹೋಲಿಸಿದರೆ ಬಹಳ ಕಡಿಮೆ, ಅದಕ್ಕೇ ಶಾಕಿನೊಳಗೆ ಅದಕ್ಕೆ ಸ್ಥಾನ.

ಇನ್ನೊಂದು ಗುಣವೂ ಇದೆ, ಅದು ಗುಣವೋ ಅವಗುಣವೋ ಹೇಳುವುದು ಕಷ್ಟ. ದ್ರವ ತನ್ನನ್ನು ತಾನು ಬಿಗಿಹಿಡಿದು ಹನಿಯಾಗಿ ನಿಲ್ಲುವ ಶಕ್ತಿಯನ್ನು ಅಳೆದರೆ ನೀರಿನದು 72, ಸಿಲಿಕೋನ್ ಎಣ್ಣೆಯದು 20ರ ಆಸುಪಾಸು. ಹನಿಯಾಗಿ ನಿಲ್ಲುವ ಮನಸ್ಸೇ ಅದಕ್ಕಿಲ್ಲ. ಬಿದ್ದಲ್ಲಿ ಹರಡುತ್ತದೆ, ಸಂದು ಕಂಡಲ್ಲಿ ನುಸುಳುತ್ತದೆ. ಶಾಕು ಸೋರುವುದಕ್ಕೆ ಅರ್ಧ ಕಾರಣ ಈ ಸ್ವಭಾವ. ಶಾಫ್ಟಿನ ಮೈಗೆ ಆ ತೆಳು ಪೊರೆ ಎಲ್ಲೂ ಹರಿಯದೆ ಅಂಟಿಕೊಂಡಿರುವುದಕ್ಕೂ ಕಾರಣ ಅದೇ. ಕಾರಿನ ಬಾಡಿಗೆ ಬಣ್ಣ ಹೊಡೆಯುವ ಮೇಜಿನ ಮೇಲೆ ಈ ಬಾಟಲಿಯನ್ನು ತೆರೆಯಲೇಬೇಡಿ. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಅಂಟಿದ್ದರೂ ಅಲ್ಲಿ ಬಣ್ಣ ಕೂರದೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ.

ಶಾಕನ್ನು ನೆಟ್ಟಗೆ ನಿಲ್ಲಿಸಿ, ಪಿಸ್ಟನ್ನನ್ನು ತಳಕ್ಕೆ ಎಳೆದು, ಬಾಟಲಿಯ ಮೂತಿಯನ್ನು ಕೊಳವೆಯ ಒಳಗೋಡೆಗೆ ತಾಗಿಸಿ ಎಣ್ಣೆ ಇಳಿಸಬೇಕು. ಗೋಡೆಯ ಗುಂಟ ಇಳಿದ ಎಣ್ಣೆ ಗಾಳಿಯನ್ನು ಕಟ್ಟಿಕೊಂಡು ಬರುವುದಿಲ್ಲ. ಅವಸರದಲ್ಲಿ ನಡುವೆ ಸುರಿದರೆ ಗುಳ್ಳೆಯ ಸಂತೆ. ಅಂಚಿಗೆ ಸ್ವಲ್ಪ ಕೆಳಗೆ ನಿಲ್ಲಿಸಿ, ಪಿಸ್ಟನ್ನನ್ನು ಎಣ್ಣೆಯೊಳಗೇ ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು, ಎಣ್ಣೆಯ ಮಟ್ಟ ದಾಟಿ ಮೇಲೆ ಬಾರದ ಹಾಗೆ. ತೂತುಗಳ ಕೆಳಗೆ ಅಡಗಿದ್ದ ಗಾಳಿ ಆಗ ಹೊರಡುತ್ತದೆ. ಮೊದಲು ಒಂದೆರಡು ದೊಡ್ಡ ಗುಳ್ಳೆ, ಮೇಲೆ ಬಂದು ಕ್ಷಣ ಹೊತ್ತು ಯೋಚಿಸಿ ಒಡೆಯುತ್ತವೆ. ಆಮೇಲೆ ಸಾಸಿವೆ ಗಾತ್ರದವು ಸಾಲಾಗಿ. ಅದರ ಹಿಂದೆ ಬರೀ ಕಣ್ಣಿಗೆ ಹೊಗೆಯಂತೆ ಕಾಣುವ ನಸು ಮಬ್ಬು, ಅದೂ ಗುಳ್ಳೆಗಳೇ. ಅವು ಏರುವುದನ್ನು ನೋಡುವುದು ತಾಳ್ಮೆಯ ಪರೀಕ್ಷೆ. ಗುಳ್ಳೆ ಕಿರಿದಾದಷ್ಟೂ ನಿಧಾನ, ಗಾತ್ರ ಅರ್ಧವಾದರೆ ವೇಗ ಕಾಲು ಭಾಗಕ್ಕಿಳಿಯುತ್ತದೆ. ನಿರ್ವಾತದ ಪಂಪಿಟ್ಟು ಒಂದೇ ನಿಮಿಷದಲ್ಲಿ ಗಾಳಿ ತೆಗೆಯುವ ಉಪಕರಣಗಳೂ ಬಂದಿವೆ. ರೇಸಿನವರಿಗೆ ಬೇಕಾಗಬಹುದು. ನನಗೆ ಅದು ಸಂಗೀತ ಕಛೇರಿಯಲ್ಲಿ ಆಲಾಪನೆ ಬೇಡ ಎಂದ ಹಾಗೆ. ಶಾಕುಗಳನ್ನು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ, ಮೇಲೊಂದು ಕಾಗದ ಮುಚ್ಚಿ, ಕಾಫಿ ಕುಡಿದು ಬರುವಷ್ಟರಲ್ಲಿ ಮಬ್ಬು ಹರಿದಿರುತ್ತದೆ. ಮೇಲಿಂದ ಇಣುಕಿದರೆ ತಳದ ಪಿಸ್ಟನ್ನು, ಅದರ ತೂತುಗಳು, ತೂತಿನ ಅಂಚಿನ ಅಚ್ಚಿನ ಗುರುತು ಎಲ್ಲವೂ ನಡುವೆ ಏನೂ ಇಲ್ಲದ ಹಾಗೆ ಕಾಣುತ್ತವೆ.

ಆ ತೂತುಗಳ ಬಗ್ಗೆ ಒಂದು ಮಾತು. ದಪ್ಪ ದ್ರವ ಸಣ್ಣ ಕೊಳವೆಯಲ್ಲಿ ಹರಿಯುವ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಳೆದು ತೋರಿಸಿದವರು ಫ್ರಾನ್ಸಿನ ವೈದ್ಯ ಪಾಸೆಯ್. ಅವರಿಗೆ ಬೇಕಿದ್ದದ್ದು ಸಣ್ಣ ರಕ್ತನಾಳಗಳಲ್ಲಿ ನೆತ್ತರು ಹರಿಯುವ ಬಗೆ. ಆ ನಿಯಮದಂತೆ ತೂತಿನ ಅಗಲ ಹತ್ತರಲ್ಲೊಂದು ಪಾಲು ಹೆಚ್ಚಾದರೆ ಹರಿವು ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಪಿಸ್ಟನ್ನಿನ ತೂತಿನಲ್ಲಿ ಅಚ್ಚಿನ ಸಣ್ಣ ಚಕ್ಕೆ ಉಳಿದಿದ್ದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಬರುವುದು ಇದರಿಂದಲೇ. ಬ್ಲೇಡಿನ ತುದಿಯಿಂದ ಚಕ್ಕೆಯನ್ನು ತೆಗೆಯಬೇಕು, ತೂತನ್ನು ಮಾತ್ರ ಹಿಗ್ಗಿಸಬಾರದು.

ಮುಚ್ಚುವ ಹೊತ್ತಿನಲ್ಲಿ ಶಾಕಿನ ದೊಡ್ಡ ಒಗಟು ಎದುರಾಗುತ್ತದೆ. ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ. ಕೊಳವೆ ಪೂರ್ತಿ ತುಂಬಿದೆ. ಹಾಗಾದರೆ ಒಳಗೆ ಬರುವ ಶಾಫ್ಟಿಗೆ ಜಾಗ ಎಲ್ಲಿಂದ? ಮೂರು ಮಿಲಿಮೀಟರಿನ ಶಾಫ್ಟು ಇಪ್ಪತ್ತು ಮಿಲಿಮೀಟರ್ ಒಳಗೆ ಸರಿದರೆ ಅದು ಕೇಳುವ ಜಾಗ ಸುಮಾರು 140 ಘನ ಮಿಲಿಮೀಟರ್, ಕೆಲವೇ ತೊಟ್ಟು ಎಣ್ಣೆಯದು. ಆ ಕೆಲವು ತೊಟ್ಟಿಗೆ ಎಡೆ ಮಾಡಿಕೊಡಲು ಕ್ಯಾಪಿನ ಒಳಗೆ ಬಟ್ಟಲಿನಾಕಾರದ ಒಂದು ತೆಳು ರಬ್ಬರ್ ಪೊರೆ ಇರುತ್ತದೆ, ಬ್ಲಾಡರ್. ಅದರ ಬೆನ್ನ ಹಿಂದೆ ಒಂದಿಷ್ಟು ಗಾಳಿ. ಶಾಫ್ಟು ಬಂದಾಗ ಪೊರೆ ಹಿಂದೆ ಸರಿಯುತ್ತದೆ, ಹೋದಾಗ ಮುಂದೆ ಬರುತ್ತದೆ. ಎಣ್ಣೆಗೂ ಗಾಳಿಗೂ ಮುಖಾಮುಖಿಯೇ ಆಗದ ಏರ್ಪಾಡು. ಈ ಪೊರೆ ಹರಿದಿದ್ದರೂ, ಕ್ಯಾಪು ಓರೆಯಾಗಿ ತಿರುಪಿಗೆ ಹತ್ತಿದ್ದರೂ ಮೇಲಿನಿಂದ ಸೋರುತ್ತದೆ. ಕೆಳಗಿನ ಉಂಗುರವನ್ನು ಬೈಯುವ ಮೊದಲು ಇದನ್ನು ನೋಡಬೇಕು. ಪೊರೆಯಿಲ್ಲದೆ, ಎಣ್ಣೆಯಲ್ಲೇ ಗಾಳಿ ಬೆರೆಯಲು ಬಿಡುವ ಎಮಲ್ಷನ್ ಶಾಕುಗಳೂ ಇವೆ. ಅವುಗಳ ಪಕ್ಷದವರು ಅವು ಮೆತ್ತಗೆ ಕೆಲಸ ಮಾಡುತ್ತವೆ ಎನ್ನುತ್ತಾರೆ. ಇರಬಹುದು. ಆ ‘ಪಿಚ್ ಪಿಚ್’ ಸದ್ದನ್ನು ದುಡ್ಡು ಕೊಟ್ಟು ತರಲು ನನಗೆ ಮನಸ್ಸಾಗಿಲ್ಲ.

ಎಣ್ಣೆಯನ್ನು ಅಂಚಿನವರೆಗೆ, ಅಂಚಿಗೂ ಒಂದು ಕೂದಲು ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ, ಬ್ಲಾಡರನ್ನು ಒಂದು ಪಕ್ಕದಿಂದ ಓರೆಯಾಗಿ ಇಳಿಸಿದರೆ ಉಳಿದ ಗಾಳಿ ಇನ್ನೊಂದು ಪಕ್ಕದಿಂದ ಹೊರಟುಹೋಗುತ್ತದೆ. ಹೆಚ್ಚಾದ ಎಣ್ಣೆ ಉಕ್ಕುತ್ತದೆ. ತಮಿಯಾದ ಕೈಪಿಡಿಗಳಲ್ಲಿ ಈ ಘಟ್ಟಕ್ಕೆ ಬಂದಾಗ ಉಕ್ಕಿದ ಎಣ್ಣೆಯನ್ನು ಹೀರಲು ಟಿಶ್ಯೂ ಕಾಗದದ ಚಿತ್ರವನ್ನೂ ಬರೆದಿರುತ್ತಾರೆ. ತಿರುಪುಗಳನ್ನು ಅವುಗಳ ನಿಜವಾದ ಅಳತೆಯಲ್ಲೇ ಮುದ್ರಿಸುವ ಆ ಪುಸ್ತಕಗಳನ್ನು ನಾನು ಕಾರು ಕಟ್ಟುವುದಿಲ್ಲದಿದ್ದರೂ ಓದಿದ್ದೇನೆ. ರೇಖೆಯಲ್ಲಿ ಅಷ್ಟು ವಿನಯವಿದೆ.

ಇನ್ನು ಹದ. ಶಾಫ್ಟನ್ನು ಪೂರ್ತಿ ಒಳಗೆ ಒತ್ತಿ ಬಿಟ್ಟಾಗ ಅದು ಎಷ್ಟು ಹೊರಗೆ ಬರುತ್ತದೆಂಬುದು ಒಳಗಿನ ಎಣ್ಣೆಯ ಲೆಕ್ಕ. ಪೂರ್ತಿ ಹೊರಗೆ ನುಗ್ಗಿತೆಂದರೆ ಎಣ್ಣೆ ಹೆಚ್ಚಾಗಿದೆ. ಹೀಗೇ ಬಿಟ್ಟರೆ ಒಳಗಿನ ಒತ್ತಡ ಹೊಸ ಉಂಗುರವನ್ನೂ ಸೋರಿಸುತ್ತದೆ. ಹೊಸ ಸೀಲು ಹಾಕಿಯೂ ಸೋರುತ್ತಿದೆ ಎಂದು ದೂರುವವರ ಶಾಕು ಬಿಚ್ಚಿ ನೋಡಿದರೆ ಬಹಳ ಸಲ ಸಿಗುವುದು ಇದೇ. ಕ್ಯಾಪನ್ನು ತುಸು ಸಡಿಲಿಸಿ, ಶಾಫ್ಟನ್ನು ಮೆಲ್ಲಗೆ ಒಳಗೊತ್ತಿ, ಒಂದು ಹನಿ ಹೊರಬಂದ ಕೂಡಲೇ ಮತ್ತೆ ಬಿಗಿಯಬೇಕು. ಮತ್ತೆ ಒತ್ತಿ ನೋಡಬೇಕು. ಅರ್ಧದಷ್ಟು ಹೊರಬಂದರೆ ನನಗೆ ಸಮಾಧಾನ. ಆದರೆ ಒಂದೊಂದೇ ಶಾಕು ಸರಿಯಾದರೆ ಸಾಲದು. ಎಡ ಬಲದ ಜೋಡಿಯನ್ನು ಎದುರುಬದುರಾಗಿ ಹಿಡಿದು, ಎರಡರ ಶಾಫ್ಟಿನ ತುದಿಗಳನ್ನೂ ತಾಗಿಸಿ, ಒಂದನ್ನೊಂದು ಒತ್ತಿಸಬೇಕು. ಎರಡೂ ಒಂದೇ ಲಯದಲ್ಲಿ ಕುಗ್ಗಿದರೆ ಶ್ರುತಿ ಸೇರಿದೆ. ಒಂದು ಮೊದಲು ಸೋತು ಇನ್ನೊಂದು ಹಟ ಹಿಡಿದರೆ ಎಲ್ಲೋ ಒಂದು ಹನಿ ಹೆಚ್ಚುಕಡಿಮೆ. ಮತ್ತೆ ಕ್ಯಾಪು, ಮತ್ತೆ ಟಿಶ್ಯೂ. ಈ ಹಂತದಲ್ಲಿ ಮನೆಯವರು ಊಟಕ್ಕೆ ಕರೆದರೆ ಕೇಳಿಸುವುದಿಲ್ಲ.

ಕಾರಿಗೆ ಜೋಡಿಸಿದ ಮೇಲೆ, ಬ್ಯಾಟರಿಯನ್ನೂ ಇಟ್ಟು, ಒಂದು ಗೇಣಿನಷ್ಟು ಎತ್ತರದಿಂದ ನೆಲಕ್ಕೆ ಬಿಡುತ್ತೇನೆ. ಸರಿಯಾದ ಶಾಕಿನ ಕಾರು ‘ತಟ್’ ಎಂದು ಒಂದೇ ಸದ್ದು ಮಾಡಿ ಕೂರುತ್ತದೆ. ಬಿದ್ದು, ಇಳಿದು, ತನ್ನ ಎತ್ತರಕ್ಕೆ ಬಂದು ಮುಗಿಯಿತು, ಎರಡನೇ ನೆಗೆತವಿಲ್ಲ. ಹೊಟ್ಟೆ ನೆಲಕ್ಕೆ ಬಡಿದರೆ ಎಣ್ಣೆ ತೆಳುವಾಯಿತು, ಕಲ್ಲಿನಂತೆ ನಿಂತರೆ ದಪ್ಪವಾಯಿತು. ಎದುರು ಮನೆಯ ಹುಡುಗನಿಗೆ ಈ ಪರೀಕ್ಷೆ ಬಹಳ ಇಷ್ಟ. ತನ್ನ ಕಾರನ್ನೂ ತಂದು ಬಿಟ್ಟು ನೋಡಿದ. ಅದು ಬಿದ್ದು, ನೆಗೆದು, ಇನ್ನೂ ಎರಡು ಸಲ ನೆಗೆದು, ಮಗುಚಿಕೊಂಡಿತು.

ಅವನದು ತಮಿಯಾ 1984ರಲ್ಲಿ ಮೊದಲು ತಂದ ಗ್ರಾಸ್‌ಹಾಪರ್‌ನ ಮರುಬಿಡುಗಡೆ, ಸೋದರಮಾವ ಸಿಂಗಪುರದಿಂದ ತಂದುಕೊಟ್ಟದ್ದು. ಹಾರ್ನೆಟ್‌ನ ಒಡಹುಟ್ಟು, ಚಿಕ್ಕ 380 ಮೋಟರು, ಶಾಕಿನ ಆಕಾರದಲ್ಲಿರುವ ಬರೀ ಸ್ಪ್ರಿಂಗು, ಎಣ್ಣೆಯ ಸುಳಿವಿಲ್ಲ. “ಅಂಕಲ್, ಇದಕ್ಕೂ ಎಣ್ಣೆ ಶಾಕ್ ಹಾಕೋಣ್ವಾ?” ಎಂದು ಗಂಟುಬಿದ್ದಿದ್ದಾನೆ. ಹಾಕಬಹುದು, ಹಾಕಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅದರ ಹಿಂಭಾಗದಲ್ಲಿ ಮೋಟರು, ಗೇರುಪೆಟ್ಟಿಗೆ, ಆಕ್ಸಲ್ ಎಲ್ಲವೂ ಒಂದೇ ಮುದ್ದೆಯಾಗಿ ಓಲಾಡುತ್ತವೆ; ಒಳ್ಳೆಯ ಶಾಕು ಹಾಕಿದರೂ ಅದು ಆರ್‌ಸಿ10 ಆಗುವುದಿಲ್ಲ, ಬಯಲ ತುಂಬ ಕುಣಿಯುತ್ತ ಹೋಗುವ ಈಗಿನ ಮಜಾ ಮಾತ್ರ ಹೋಗುತ್ತದೆ. ಆ ಕಾರಿಗೆ ಎಣ್ಣೆ ಬೇಡವೆಂದೇ ನನ್ನ ವಾದ. ಅವನು ಒಪ್ಪಿಲ್ಲ. ಜೆ.ಸಿ. ರಸ್ತೆಯ ಪೊಟ್ಟಣದಲ್ಲಿ ಉಂಗುರಗಳು ಇನ್ನೂ ಉಳಿದಿವೆ ಎಂಬುದು ಅವನಿಗೆ ಗೊತ್ತು.